ಮೇಲಿನ ಜಾಗದಲ್ಲಿ ಏನ್ ಕಟ್ತಿದಾರೆ? ನೋಟಿಸ್ ಬೋರ್ಡು, ಆ್ಯಪು, ವೆಬ್‌ಸೈಟು, 10 ರೂಪಾಯಿ ಪೋಸ್ಟಲ್ ಆರ್ಡರು

ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ಪೋಸ್ಟಲ್ ಆರ್ಡರಿಗೆ, ಅಂದ್ರೆ ಅದನ್ನಿಟ್ಟು ಹಾಕೋ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ. ಉಳಿದವು ನನಗ್ಯಾಕೆ ಆಗಿಬರ್ಲಿಲ್ಲ ಅಂತ ಹೇಳೋಕಷ್ಟೇ ಇದನ್ನ ಬರೀತಿರೋದು.

ಮಡಿಕೇರಿಯಿಂದ ಸೋಮವಾರಪೇಟೆ ಕಡೆ ಹೋಗೋ ದಾರೀಲಿ ಎಲ್ಲೋ ಒಂದು ಕಡೆ ನಮ್ದು ಮೂರೂವರೆ ಎಕರೆ ಕಾಫಿ, ಕೆಳಗೆ ಸ್ವಲ್ಪ ಗದ್ದೆ. ಊರಿನ ಹೆಸರು ಬೇಡ. ಫೆಬ್ರವರೀಲಿ ಕುಯ್ಲು ಇನ್ನೇನು ಮುಗೀತು ಅನ್ನೋ ಹೊತ್ತಿಗೆ ನಮ್ಮ ಮೇಲಿನ ಜಾಗಕ್ಕೆ ಹಿಟಾಚಿ ಬಂತು, ಎರಡೇ ದಿನದಲ್ಲಿ ಆಳೆತ್ತರ ಬರೆ (ಗುಡ್ಡದ ಮಣ್ಣಿನ ಗೋಡೆ) ಕಡಿದು ಮಟ್ಟ ಮಾಡ್ಬಿಟ್ರು. 2018ರ ಆಗಸ್ಟಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಅಂತ ಒಂದೊಂದೇ ಊರಲ್ಲಿ ಗುಡ್ಡ ಕುಸಿದ ಸುದ್ದಿ ಬರ್ತಿತ್ತಲ್ಲ, ಆ ವಾರ ಇಲ್ಲೇ ಇದ್ದವ್ರಿಗೆ ಗುಡ್ಡ ಕಡಿಯೋ ಸದ್ದು ಕೇಳಿದ್ರೆ ನಿದ್ದೆ ಹತ್ತಲ್ಲ. ಮನೆನಾ, ಹೋಂಸ್ಟೇನಾ, ರೆಸಾರ್ಟಾ, ಮಳೆ ನೀರು ಯಾವ ಕಡೆ ಬಿಡ್ತಾರೆ, ಪರ್ಮಿಷನ್ ಯಾರು ಕೊಟ್ರು, ಒಂದೂ ಗೊತ್ತಿಲ್ಲ. ಹಿಟಾಚಿ ಹುಡುಗನ್ನ ಕೇಳಿದ್ರೆ "ನಮ್ದು ಗಂಟೆ ಲೆಕ್ಕ ಸಾರ್, ಬೇರೆ ಗೊತ್ತಿಲ್ಲ" ಅಂದ.

ಪಂಚಾಯಿತಿ ನೋಟಿಸ್ ಬೋರ್ಡು: ಗಾಜಿನ ಬಾಗಿಲು, ಬೀಗ, ಒಳಗೆ ಹೋದ ವರ್ಷದ ನೀರಿನ ಕಂದಾಯದ ಚೀಟಿ. ಮುಗೀತು.

ದಿಶಾಂಕ್ ಆ್ಯಪ್ ಬಗ್ಗೆ ಒಳ್ಳೆ ಮಾತೇ ಹೇಳ್ಬೇಕು. ದುಡ್ಡಿಲ್ಲ ಕಾಸಿಲ್ಲ, ಮ್ಯಾಪಲ್ಲಿ ಜಾಗದ ಮೇಲೆ ಬೆರಳಿಟ್ರೆ ಊರು, ಹೋಬಳಿ, ಸರ್ವೆ ನಂಬರ್ ಬರುತ್ತೆ. ಆ ನಂಬರ್ ಹಿಡ್ಕೊಂಡು ಪಹಣಿ ತೆಗೆದ್ರೆ ಯಾರ ಹೆಸರಲ್ಲಿದೆ, ಎಷ್ಟು ಎಕರೆ ಅನ್ನೋದೂ ಸಿಗುತ್ತೆ, ಜಮ್ಮಾ ಜಾಗ (ಕೊಡಗಲ್ಲಿ ಮನೆತನಕ್ಕೆ ಸೇರಿದ ಹಳೇ ಜಾಗ) ಆದ್ರೆ ಒಂದು ಒಕ್ಕದ, ಅಂದ್ರೆ ಮನೆತನದ, ಅರ್ಧ ಜನದ ಹೆಸರೂ ಸಿಗುತ್ತೆ ಬಿಡಿ. ಆದ್ರೆ ಜಾಗ ಯಾರದ್ದು ಅಂತ ಗೊತ್ತಾಯ್ತೇ ಹೊರತು ಅಲ್ಲಿ ಏನು ಬರ್ತಿದೆ ಅಂತ ಗೊತ್ತಾಗ್ಲಿಲ್ಲ. ಮತ್ತೆ ಗಡಿ ಜಗಳಕ್ಕೆ ಈ ಆ್ಯಪ್ ತೋರಿಸ್ಕೊಂಡು ಹೋಗ್ಬೇಡಿ, ಗೆರೆ ಅಷ್ಟಿಷ್ಟು ಆಚೀಚೆ ಇರುತ್ತೆ, ಅದಕ್ಕೆ ಸರ್ವೆಯವ್ರೇ ಬರ್ಬೇಕು.

ಇನ್ನು ವೆಬ್‌ಸೈಟು. ಯಾವುದು ಅಂತ ಹೇಳಲ್ಲ, ಅರ್ಜಿ ಎಲ್ಲಿಗೆ ಬಂತು ಅಂತ ನೋಡೋಕೆ ಇರೋದು. ನಮ್ಮನೇಲಿ ವೈಫೈ ಇದೆ, ಮೊಬೈಲ್ ರೇಂಜ್ ಇಲ್ಲ. ಎಸ್ಸೆಮ್ಮೆಸ್ ಬರ್ಬೇಕಂದ್ರೆ ಗೇಟ್ ಹತ್ರ ಹಲಸಿನ ಮರದ ಕೆಳಗೇ ನಿಲ್ಬೇಕು, ಅದೂ ರಸ್ತೆ ಕಡೆ ಮುಖ ಮಾಡಿ. ಈ ಸೈಟಿಗೋ ಲಾಗಿನ್ ಆಗೋಕೆ ಓಟಿಪಿ. ಮಗಳು ಒಳಗೆ ಕಂಪ್ಯೂಟರ್ ಮುಂದೆ, ನಾನು ಹಲಸಿನ ಮರದ ಕೆಳಗೆ. ಅವಳು ಕಿಟಕಿಯಿಂದ "ಅಪ್ಪಾ, ಕಳಿಸ್ದೆ" ಅಂತ ಕೂಗೋದು, ನಾನು ಕಾಯೋದು, ಟಿಣ್ ಅಂದ ತಕ್ಷಣ ಆರು ಅಂಕೆ ಒಂದೊಂದಾಗಿ ಕೂಗೋದು. ಪಕ್ಕದ ಲೈನ್‌ಮನೆ ಮಕ್ಕಳಿಗೆ ಅದೊಂದು ಆಟ ಆಗಿಹೋಯ್ತು, ನಾನು "ಏಳು" ಅಂದ್ರೆ ಅವೂ "ಏಳು". ಮೊದಲ್ನೇ ಸಲ ನಾನು ಕೂಗಿದ್ದು ಅವಳಿಗೆ ಕೇಳಿಸ್ಲಿಲ್ಲ, ಎರಡನೇ ಸಲ ಟೈಮ್ ಮುಗೀತು, ಮೂರನೇ ಸಲಕ್ಕೆ ಕರೆಂಟ್ ಹೋಯ್ತು.

ಮಾರನೇ ದಿನ ಹೇಗೋ ಒಳಗೆ ಹೋದ್ವಿ. ಜಿಲ್ಲೆ ಆಯ್ಕೆ ಮಾಡಿ, ತಾಲೂಕು ಆಯ್ಕೆ ಮಾಡಿ, ಹೋಬಳಿ, ಗ್ರಾಮ, ಎಲ್ಲ ಆಯ್ತು. ಕೊನೇ ಖಾನೆ: ಅರ್ಜಿ ಸಂಖ್ಯೆ ನಮೂದಿಸಿ. ಕೆಂಪು ನಕ್ಷತ್ರ ಬೇರೆ, ಅಂದ್ರೆ ಬಿಡೋ ಹಾಗಿಲ್ಲ.

ಇದೊಂದು ಖಾನೆ ಮೇಲೆ ನನಗಿರೋ ಸಿಟ್ಟು ಅಷ್ಟಿಷ್ಟಲ್ಲ. ಅರ್ಜಿ ಸಂಖ್ಯೆ ಇರೋದು ಅರ್ಜಿ ಹಾಕಿದವ್ನ ಹತ್ರ. ಅವ್ನು ಅರ್ಜಿ ಹಾಕಿದಾನೋ ಇಲ್ವೋ ಅನ್ನೋದೇ ನನ್ನ ಪ್ರಶ್ನೆ, ಅದಕ್ಕೆ ಅವ್ನ ಅರ್ಜಿ ಸಂಖ್ಯೆ ಕೊಡಿ ಅಂದ್ರೆ ನಾನೆಲ್ಲಿಂದ ತರ್ಲಿ? ಕಟ್ಟೋನು ತನ್ನ ಫೈಲ್ ಎಲ್ಲಿಗೆ ಬಂತು ಅಂತ ಮನೇಲೇ ಕೂತು ನೋಡ್ಬಹುದು, ಸರಿ, ಅವ್ನಿಗೆ ಆಫೀಸಿಗೆ ಅಲೆಯೋದು ತಪ್ತು. ಆ ಬರೆ ಕೆಳಗೆ ಮಲಗೋನಿಗೆ ಮಾತ್ರ ಅದರಲ್ಲಿ ಬಾಗಿಲೇ ಇಟ್ಟಿಲ್ಲ.

ಸಿಡ್ನಿಯಲ್ಲಿರೋ ನಮ್ಮ ಚಿಕ್ಕಪ್ಪನ ಮಗಳು ಇದನ್ನ ಕೇಳಿ ನಕ್ಕಳು. ಅಲ್ಲಿ ಪ್ಲಾನಿಂಗ್ ಅಲರ್ಟ್ಸ್ ಅಂತ ಒಂದಿದೆಯಂತೆ, ಸರ್ಕಾರದ್ದೂ ಅಲ್ಲ, ಓಪನ್ ಆಸ್ಟ್ರೇಲಿಯಾ ಫೌಂಡೇಶನ್ ಅನ್ನೋ ಸಂಸ್ಥೆ 2009ರಿಂದ ನಡೆಸ್ತಿರೋದು. ಕೌನ್ಸಿಲ್‌ಗಳು (ನಮ್ಮ ನಗರಸಭೆ ಇದ್ದ ಹಾಗೆ) ತಮ್ಮ ತಮ್ಮ ಸೈಟಲ್ಲಿ ಹಾಕಿರೋ ಕಟ್ಟಡದ ಅರ್ಜಿಗಳನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕ್ತಾರೆ. ಇವಳು ತನ್ನ ಮನೆ ವಿಳಾಸ ಕೊಟ್ಟು, ಸುತ್ತ ಎಷ್ಟು ದೂರದ್ದು ಬೇಕು ಅಂತ ಹೇಳಿದ್ರೆ ಆಯ್ತು, ಹೊಸ ಅರ್ಜಿ ಬಂದಾಗ ತಾನಾಗೇ ಇಮೇಲ್ ಬರುತ್ತೆ. ಅರ್ಜಿ ಸಂಖ್ಯೆ ಅವ್ರೇ ಇವಳಿಗೆ ಹೇಳ್ತಾರೆ! ಕೊಟ್ಟದ್ದು ಬರೀ ವಿಳಾಸ. ನಮ್ಮಲ್ಲಿ ಸರ್ವೆ ನಂಬರ್ ಕೊಟ್ರೆ ಸಾಕು ಅನ್ನೋ ಹಾಗೆ ಆಗಿದ್ರೆ ನಾನು ಈ ಬರಹ ಬರೀತಾನೇ ಇರ್ಲಿಲ್ಲ.

ಸರಿ, ಪೋಸ್ಟಲ್ ಆರ್ಡರು. ಆರ್‌ಟಿಐ ಅಂದ್ರೆ ಜಗಳಗಂಟರ ಕೆಲಸ ಅಂತ ನಾನೂ ಅಂದ್ಕೊಂಡಿದ್ದೆ. ನಮೂನೆ ಎ ಒಂದು ಹಾಳೆ, 10 ರೂಪಾಯಿ, ಸ್ಪೀಡ್ ಪೋಸ್ಟು, ಅಷ್ಟೇ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರ್ಬೇಕು. ನಾನು ಮೊದಲು ಬರೆದಿದ್ದು ಎರಡು ಪುಟ, 2018ರ ಮಳೆಯಿಂದ ಶುರು ಮಾಡಿದ್ದೆ. ಮಗಳು ಎಲ್ಲ ಹೊಡೆದು ಹಾಕಿ ನಾಲ್ಕು ಸಾಲು ಉಳಿಸಿದ್ಲು: ಈ ಸರ್ವೆ ನಂಬರಿನಲ್ಲಿ ಕಟ್ಟಡಕ್ಕೆ ಬಂದ ಅರ್ಜಿ, ನಕ್ಷೆ, ಕೊಟ್ಟ ಪರವಾನಗಿ, ಇವುಗಳ ಪ್ರತಿ ಕೊಡಿ, ಕೊಟ್ಟಿಲ್ಲದಿದ್ರೆ ಕೊಟ್ಟಿಲ್ಲ ಅಂತ ಬರೆದು ಕೊಡಿ.

ನನಗೆ ಇಷ್ಟ ಆಗಿದ್ದು ಏನಂದ್ರೆ, ಫೈಲ್ ಯಾವ ಆಫೀಸಲ್ಲಿದೆ ಅಂತ ನನಗೆ ಗೊತ್ತಿರ್ಬೇಕಾಗಿಲ್ಲ. ಪಂಚಾಯಿತಿನಾ, ತಾಲೂಕು ಆಫೀಸಾ, ಡಿಸಿ ಆಫೀಸಾ? ತಪ್ಪು ಕಡೆ ಹಾಕಿದ್ರೂ 6(3)ನೇ ಕಲಂ ಪ್ರಕಾರ 5 ದಿನದೊಳಗೆ ಸರಿಯಾದ ಕಡೆಗೆ ಅವ್ರೇ ಕಳಿಸ್ಬೇಕು. ನಾನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೆಸರಿಗೆ ಹಾಕಿದೆ. ಗಡುವು 30 ದಿನ, 26ನೇ ದಿನ ಕಾಗದ ಬಂತು, 11 ಪುಟ ಇದೆ, ಪುಟಕ್ಕೆ 2 ರೂಪಾಯಿ ಹಾಗೆ 22 ರೂಪಾಯಿ ಕಟ್ಟಿ ತಗೊಳ್ಳಿ ಅಂತ. ನಿಧಾನ, ಒಪ್ಕೋತೀನಿ, ಅಷ್ಟೊತ್ತಿಗೆ ಅಲ್ಲಿ ಪಾಯ ಎದ್ದಿತ್ತು. ನಾಳೆನೇ ಕೆಲಸ ನಿಲ್ಲಿಸ್ಬೇಕು ಅನ್ನೋರಿಗೆ ಇದು ಹೇಳಿದ್ದಲ್ಲ. ಆರ್‌ಟಿಐ ಅರ್ಜಿ ಆನ್‌ಲೈನಲ್ಲೂ ಹಾಕ್ಬಹುದು, ಫೋನ್ ರೇಂಜ್ ಚೆನ್ನಾಗಿರೋರು ಹಾಗೇ ಮಾಡಿ. ನಾನಂತೂ ಆರ್‌ಡಿ ಕಟ್ಟೋಕೆ ತಿಂಗಳಿಗೊಂದ್ಸಲ ಪೋಸ್ಟಾಫೀಸಿಗೆ ಹೋಗೇ ಹೋಗ್ತೀನಿ, ನನಗೆ ಅದೇ ದಾರಿ.

11ರಲ್ಲಿ 9ನೇ ಪುಟ ನಕ್ಷೆ. ವಾಸದ ಮನೆ, ಎರಡು ರೂಮು, ರೆಸಾರ್ಟ್ ಅಲ್ಲ, ಅಬ್ಬಾ ಅಂದ್ಕೊಂಡೆ. ಆಮೇಲೆ ಕಣ್ಣಿಗೆ ಬಿತ್ತು, ಮನೆ ಹಿಂದಿನಿಂದ ಮಳೆ ನೀರಿನ ಚರಂಡಿ ಅಂತ ಒಂದು ಗೆರೆ, ಗೆರೆ ತುದೀಲಿ ಚಿಕ್ಕ ಬಾಣ, ಬಾಣದ ಮೂತಿ ನೆಟ್ಟಗೆ ನಮ್ಮ ತೋಟದ ಬೇಲಿಗೆ. ಅಲ್ಲಿಂದಾಚೆ ಇಳಿಜಾರು, ಅದರ ಬುಡದಲ್ಲೇ ನಮ್ಮ ಗದ್ದೆ.

ಭಾನುವಾರ ಜಾಗದ ಯಜಮಾನ ಮೈಸೂರಿಂದ ಬಂದಿದ್ದ, ಹಾಳೆ ಹಿಡ್ಕೊಂಡೇ ಹೋದೆ. ಒಳ್ಳೆ ಮನುಷ್ಯ, ಬಾಣ ನೋಡಿ ಅವ್ನಿಗೇ ಆಶ್ಚರ್ಯ, ಮಡಿಕೇರೀಲಿ ಯಾರೋ ಕೂತು ಬರೆದ ಪ್ಲಾನಂತೆ. "ಅಣ್ಣಾ, ಒಂದು ಮಾತು ಕೇಳಿದ್ರೆ ನಾನೇ ವಾಟ್ಸಾಪಲ್ಲಿ ಕಳಿಸ್ತಿದ್ದೆ" ಅಂದ. ಮಗಳು ನನ್ನ ಮುಖ ನೋಡಿದ್ಲು, ನಾನು ಹಲಸಿನ ಮರ ನೋಡಿದೆ. ನೀರು ರಸ್ತೆ ಚರಂಡಿಗೆ ತಿರುಗಿಸ್ತೀನಿ ಅಂತ ಒಪ್ಕೊಂಡಿದಾನೆ, ಪೈಪೂ ಬಂದು ಬಿದ್ದಿದೆ, ಜೂನೊಳಗೆ ಹೂಳ್ಬೇಕು.