ಎರಡು ವರ್ಷ ಬಳಸಿದ ನೆಬ್ಯುಲೈಜರ್: ಮಿಷನ್ ಗಟ್ಟಿ, ಕಪ್ಪಿನೊಳಗಿನ ಚೂರಿನದೇ ಕಾಟ

ನ್ಯುಮೋನಿಯಾ ಆಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದ ಅಪ್ಪಯ್ಯ ಮನೆಗೆ ಬಂದಾಗ ಜ್ವರ ಬಿಟ್ಟಿತ್ತು, ಕಫ ಬಿಟ್ಟಿರಲಿಲ್ಲ. ಮೊದಲೇ ಉಬ್ಬಸದ ಎದೆ. ರಾತ್ರಿ ಮಲಗಿದರೆ ಗೊರಗೊರ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಡಾಕ್ಟರು ಬರೆದುಕೊಟ್ಟರು, ತೀರ್ಥಹಳ್ಳಿಯ ಮೆಡಿಕಲ್ಲಿನಿಂದ ಎರಡು ಸಾವಿರದ ಚಿಲ್ಲರೆಗೆ ಕಂಪ್ರೆಸರ್ ನೆಬ್ಯುಲೈಜರ್ ತಂದೆ. ಗಾಳಿಯ ಒತ್ತಡದಿಂದ ಔಷಧವನ್ನು ಮಂಜಾಗಿಸಿ ಉಸಿರಿನ ಜೊತೆ ಎದೆಗೆ ಕಳಿಸುವ ಮಿಷನ್ ಇದು. ಸದ್ದು ಮಾಡದ ಮೆಶ್ ಮಾದರಿಯ ಮೇಲೆ ಆಸೆಯಿತ್ತು. ಅಡಿಕೆ ಕೊಯ್ಲಿಗೆ ಮುಂಚಿನ ತಿಂಗಳು, ಕೈಯಲ್ಲಿ ಅಷ್ಟು ದುಡ್ಡಿರಲಿಲ್ಲ.

ಮೊದಲ ಮೂರು ವಾರ ಬೆಳಗಿನ ಕಾಫಿಗೂ ಮುಂಚೆ ಇದೇ ಕೆಲಸ. ಅಪ್ಪಯ್ಯ ಜಗಲಿಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಮೊದಲು ಶ್ವಾಸನಾಳ ಹಿಗ್ಗಿಸುವ ಲೆವೊಸಾಲ್ಬುಟಮಾಲ್, ಆಮೇಲೆ 3% ಉಪ್ಪುನೀರು. ಈ ಕ್ರಮ ತಪ್ಪಬಾರದೆಂದು ಡಾಕ್ಟರು ಒತ್ತಿ ಹೇಳಿದ್ದರು. ಗಾಢ ಉಪ್ಪುನೀರು ಕಫಕ್ಕೆ ನೀರೆಳೆದು ಅದನ್ನು ತೆಳುವಾಗಿಸುತ್ತದೆ, ಆದರೆ ಉಬ್ಬಸದವರ ಶ್ವಾಸನಾಳವನ್ನು ಬಿಗಿಸಲೂಬಹುದು. ಹತ್ತು ನಿಮಿಷಕ್ಕೆ ಔಷಧ ಹಾಕುವ ಕಪ್ಪು ಪಟಪಟ ಅನ್ನತೊಡಗಿದರೆ ಅಮ್ಮ ಬೆರಳಲ್ಲಿ ಮೆಲ್ಲಗೆ ತಟ್ಟುತ್ತಿದ್ದಳು. ಗೋಡೆಗಂಟಿದ ಹನಿ ಕೆಳಗಿಳಿದು ಇನ್ನಷ್ಟು ಮಂಜು ಬರುತ್ತಿತ್ತು. ಆಮೇಲೆ ಫಿಸಿಯೋಥೆರಪಿಯವರು ಕಲಿಸಿದಂತೆ, ಕನ್ನಡಿಗೆ ಹಬೆ ಹಿಡಿಸುವ ಹಾಗೆ 'ಹಾ... ಹಾ' ಎಂದು ಉಸಿರು ತಳ್ಳುವುದು. ಐದನೇ ದಿನ ಗಟ್ಟಿ ಕಫ ಕಿತ್ತು ಬಂತು. ಅವತ್ತು ರಾತ್ರಿ ಆ ಗೊರಗೊರ ಇರಲಿಲ್ಲ. ಅಪ್ಪಯ್ಯನ ಉಸಿರಾಟ ನೋಡಲು ನಾನೇ ಎರಡು ಸಲ ಎದ್ದು ಹೋದೆ.

ಇನ್ನು ಕಾಟದ ವಿಷಯ. ಕಪ್ಪಿನೊಳಗೆ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಚೂರೊಂದಿದೆ, ಬ್ಯಾಫಲ್ ಅನ್ನುತ್ತಾರೆ. ಕೆಳಗಿನ ತೂತಿನಿಂದ ನುಗ್ಗುವ ಗಾಳಿ ಔಷಧವನ್ನು ಮೇಲೆಳೆದು ಇದಕ್ಕೆ ಅಪ್ಪಳಿಸುತ್ತದೆ. ಹನಿ ಒಡೆದು 5 ಮೈಕ್ರಾನಿಗಿಂತ ಸಣ್ಣದಾದರೆ ಮಾತ್ರ ಎದೆಯ ಆಳಕ್ಕೆ ಇಳಿಯುವುದು. ಚೂರು ಇಲ್ಲದಿದ್ದರೆ ಮಿಷನ್ ಗುರ್ರೆನ್ನುತ್ತದೆ, ಮಂಜು ಮಾತ್ರ ಬರುವುದಿಲ್ಲ. ಕಪ್ಪನ್ನು ಪ್ರತಿ ಸಲವೂ ಬಿಡಿಸಿ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ರೋಗಾಣುವನ್ನೇ ಎದೆಗೆ ಕಳಿಸಿದಂತೆ. ಇಷ್ಟು ಸಲ ಬಿಚ್ಚಬೇಕಾದ ಚೂರನ್ನು ನೀರಿನ ಬಣ್ಣದಲ್ಲಿ ಮಾಡಿದ್ದಾರೆ!

ಮರುವರ್ಷದ ಜುಲೈ ಮಳೆ, ಕರೆಂಟಿಲ್ಲ, ಟಾರ್ಚ್ ಬೆಳಕಲ್ಲಿ ತೊಳೆಯುವಾಗ ಅದು ಬಚ್ಚಲ ತೂತಿಗೆ ಹೋಯಿತು. ಅಪ್ಪಯ್ಯ ಒಳಗೆ ಮಾಸ್ಕ್ ಹಿಡಿದು ಏದುಸಿರು ಬಿಡುತ್ತಾ ಕೂತಿದ್ದರು. ಸ್ಪೇಸರ್ ಅನ್ನುವ ಕೊಳವೆ ಹಾಕಿದ ಇನ್‌ಹೇಲರಿನಲ್ಲೇ ಬೆಳಗು ಮಾಡಿದೆವು. ಆ ರಾತ್ರಿಯ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಅಂಗಡಿಯಲ್ಲಿ ಕೇಳಿದರೆ, 'ಬಿಡಿ ಚೂರು ಬರಲ್ಲ, ಇಡೀ ಕಿಟ್ಟೇ ತಗೊಳ್ಳಿ' ಅಂದರು. ಬೇರೆ ಕಂಪನಿಯದು ತಂದು ನೋಡಿದೆ, ಕೂರಲಿಲ್ಲ.

ಮಿಷನ್ನಿನ ಮೇಲೆ ದೂರಿಲ್ಲ. ನಮ್ಮ ಇನ್ವರ್ಟರಿನಲ್ಲೂ ಓಡುತ್ತದೆ. ಫಿಲ್ಟರ್ ಬಿಟ್ಟು ಬೇರೇನೂ ಬದಲಿಸಿಲ್ಲ. ನ್ಯುಮೋನಿಯಾ ವಾಸಿಯಾದದ್ದು ಆಂಟಿಬಯೋಟಿಕ್‌ನಿಂದ, ಇದು ಕಫಕ್ಕೆ ದಾರಿ ಮಾಡಿಕೊಟ್ಟಿತು. ಈಗ ಮಳೆಗಾಲದಲ್ಲಿ, ಡಾಕ್ಟರು ಹೇಳಿದಾಗ ಮಾತ್ರ, ಶ್ವಾಸನಾಳದ ಊತ ಇಳಿಸುವ ಸ್ಟೀರಾಯ್ಡ್ ಔಷಧ ಬುಡೆಸೊನೈಡ್. ಮುಗಿದ ಮೇಲೆ ಬಾಯಿ ಮುಕ್ಕಳಿಸಲು ಅಮ್ಮ ಬಿಸಿನೀರಿನ ಚೊಂಬು ಇಟ್ಟಿರುತ್ತಾಳೆ. ಕೊಳ್ಳುವವರು ಅದೇ ಕಂಪನಿಯ ಇನ್ನೊಂದು ಕಿಟ್ ಅವತ್ತೇ ತನ್ನಿ. ನಮ್ಮ ಎರಡನೇ ಚೂರು ದೇವರ ಗೂಡಿನಲ್ಲಿ, ಕುಂಕುಮದ ಭರಣಿಯೊಳಗಿದೆ.