ಕಾಡಿಗೆ ಸೈ, ಡ್ಯಾಮಿಗೆ ಸಾಲದು: 8×42 ಬೈನಾಕ್ಯುಲರ್

ನವೆಂಬರ್ ಕೊನೆಗೆ ಹಿಮಾಚಲದಲ್ಲಿ ಹಕ್ಕಿ ನೋಡಲು ಈ 8×42 (ಅಂದರೆ 8 ಪಟ್ಟು ಹತ್ತಿರ ತೋರಿಸುವ, ಮುಂದಿನ ಲೆನ್ಸ್ 42 ಮಿಲಿಮೀಟರ್ ಅಗಲದ) ಬೈನಾಕ್ಯುಲರ್ ಸಾಕಾ? ಅರ್ಧ ಸಾಕು. ಡಾಲ್‌ಹೌಸಿ ಹತ್ತಿರದ ಕಾಲಾಟೋಪ್ ಕಾಡಿನಲ್ಲಿ ದೇವದಾರು ಮರಗಳ ಕೆಳಗೆ ಮಧ್ಯಾಹ್ನವೂ ಮಬ್ಬು, ಆದರೂ 42 ಮಿಲಿಮೀಟರ್ ಲೆನ್ಸ್ ಸಾಕಷ್ಟು ಬೆಳಕು ಹಿಡಿಯುವುದರಿಂದ ಕೊಂಬೆ ತುದಿಯಲ್ಲಿ ಒಂದು ಕ್ಷಣವೂ ಸುಮ್ನೆ ಕೂರದ ಪುಟ್ಟ ಟಿಟ್ ಹಕ್ಕಿಯ ಕರಿ ಜುಟ್ಟು ಕೂಡ ಸ್ಪಷ್ಟವಾಗಿ ಕಾಣಿಸಿತು. ಹಿಮಾಚಲದ್ದೇ ಆದ ಪಾಂಗ್ ಡ್ಯಾಮಿನ ಜಲಾಶಯದ ಕಥೆ ಬೇರೆ. ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು (ಚಳಿಗಾಲದಲ್ಲಿ ಗದಗದ ಮಾಗಡಿ ಕೆರೆಗೂ ಬರುತ್ತವಲ್ಲ, ಅದೇ ಜಾತಿ), ಆದರೆ ನೀರು ಅಷ್ಟು ಅಗಲ, ದೂರದ ಹಿಂಡು ಬರೀ ಬೂದು ಚುಕ್ಕೆ. ಅಲ್ಲಿಗೆ ಟ್ರೈಪಾಡ್ ಮೇಲಿನ ಸ್ಪಾಟಿಂಗ್ ಸ್ಕೋಪೇ (ಇನ್ನೂ ಹತ್ತಿರ ತೋರಿಸುವ ಪುಟ್ಟ ದೂರದರ್ಶಕ) ಬೇಕು. 10 ಪಟ್ಟು ತೋರಿಸುವ 10×42 ತಗೊಳ್ಳಬಹುದಿತ್ತು ಅಲ್ವಾ ಅಂದರೆ, ಚಳಿಗೆ ಕೈ ನಡುಗುವಾಗ ಅದರಲ್ಲಿ ಚಿತ್ರ ಜಾಸ್ತಿ ಅಲುಗಾಡುತ್ತದೆ. ಜೊತೆಗೆ ಬಂದ ಕುತ್ತಿಗೆ ಪಟ್ಟಿ ಮಾತ್ರ ದಂಡ, ಬೇರೆ ಹಾಕಿಕೊಳ್ಳಿ.