ಕೆಸ್ಟ್ರೆಲ್ 5700 ಎಲೀಟ್: ಭೂಮಿಯ ತಿರುಗುವಿಕೆಗೂ ಲೆಕ್ಕವಿದೆ

ಸಾವಿರ ಗಜ ದೂರಕ್ಕೆ ಗುರಿ ಇಡುವವರು ಈ ಗಾಳಿಮಾಪಕವನ್ನು ಧೈರ್ಯವಾಗಿ ಕೊಳ್ಳಬಹುದು. ಅಕ್ಷಾಂಶ, ಗುಂಡು ಹಾರಿಸುವ ದಿಕ್ಕು ಎರಡನ್ನೂ ತುಂಬಿದರೆ ಕೊರಿಯೊಲಿಸ್ ತಿದ್ದುಪಡಿ (ಭೂಮಿ ತಿರುಗುವುದರಿಂದ ಗುಂಡು ಸರಿಯುವುದರ ಲೆಕ್ಕ) ತಾನೇ ಸೇರಿಕೊಳ್ಳುತ್ತದೆ. 45 ಡಿಗ್ರಿ ಉತ್ತರದಲ್ಲಿ ಗುಂಡು 1.5 ಸೆಕೆಂಡು ಹಾರಿದರೆ ಸುಮಾರು 7 ಸೆಂ.ಮೀ. ಬಲಕ್ಕೆ ಸರಿಯುತ್ತದೆ; ಬೆಂಗಳೂರಿನ 13 ಡಿಗ್ರಿಯಲ್ಲಿ ಬರೀ 2 ಸೆಂ.ಮೀ. ಚಿಲ್ಲರೆ. ಪೂರ್ವಕ್ಕೆ ಹೊಡೆದರೆ ಗುಂಡು ಗುರಿಗಿಂತ ಮೇಲೆ ತಾಗುತ್ತದೆ, ಪಶ್ಚಿಮಕ್ಕೆ ಕೆಳಗೆ.

ಎಡವಟ್ಟಾಗುವುದು ಮೀಟರಿನೊಳಗಿನ ದಿಕ್ಸೂಚಿಯಲ್ಲಿ. ರೈಫಲ್ ನಳಿಗೆ, ಜೀಪಿನ ಬಾನೆಟ್ ಪಕ್ಕ ಹಿಡಿದರೆ ಅದು ತಪ್ಪು ದಿಕ್ಕು ತೋರಿಸುತ್ತದೆ. ನಾಲ್ಕು ಹೆಜ್ಜೆ ದೂರ ಹೋಗಿ, ಮೀಟರನ್ನು ನೆಟ್ಟಗೆ ನಿಲ್ಲಿಸಿ, ನಿಧಾನವಾಗಿ ಸುತ್ತಿಸಿ ಕ್ಯಾಲಿಬ್ರೇಟ್ ಮಾಡಿ. ಗುರಿ ಬದಲಾದಾಗ ಹಳೆಯ ದಿಕ್ಕು ಅಳಿಸುವುದನ್ನು ಮರೆಯಬೇಡಿ.

ಆದರೂ ಮೊದಲು ಗಾಳಿ ಓದಲು ಕಲಿಯಿರಿ. ಅಡ್ಡಗಾಳಿಯನ್ನು ಗಂಟೆಗೆ 2 ಕಿ.ಮೀ. ತಪ್ಪಾಗಿ ಅಂದಾಜಿಸಿದರೂ ಗುಂಡು ಈ 7 ಸೆಂ.ಮೀ.ಗಿಂತ ಹೆಚ್ಚೇ ಜಾರುತ್ತದೆ.